ಜ್ವರದ ಮಗುವೂ ಬೀಗದ ಮನೆಯೂ

ಶಾಲೆಗೆ ಬರುವ ಸುತ್ತೋಲೆಗಳನ್ನು ಓದಿ, ಸಹಿ ಮಾಡಿ, ಫೈಲಿಗೆ ಸೇರಿಸಿ ಮರೆತುಬಿಡುವುದು ನಮ್ಮ ರೂಢಿ. 2025ರ ಮೇ ತಿಂಗಳ ಕೊನೆಯಲ್ಲಿ ಬಂದ ಒಂದು ಸುತ್ತೋಲೆಯನ್ನು ಮಾತ್ರ ಹಾಗೆ ಮರೆಯಲು ನನ್ನಿಂದಾಗಲಿಲ್ಲ. ಕೋವಿಡ್ ಮತ್ತೆ ಅಲ್ಲಲ್ಲಿ ತಲೆಯೆತ್ತಿದ್ದ ದಿನಗಳವು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬಾರದು, ಬಂದಿದ್ದರೆ ಪೋಷಕರಿಗೆ ತಿಳಿಸಿ ಮನೆಗೆ ವಾಪಸು ಕಳಿಸಬೇಕು ಎಂದು ಸರ್ಕಾರ ಹೇಳಿತ್ತು. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಒಂದು ಮಗುವಿನ ಜ್ವರ ಮೂವತ್ತು ಮಕ್ಕಳಿಗೆ ಹರಡಬಾರದು, ಸರಿಯೇ. ಆದರೆ ಆ ವಾಕ್ಯದಲ್ಲಿದ್ದ ‘ಮನೆ’ ಎಂಬ ಮಾತು ನನ್ನನ್ನು ಕಾಡಿತು. ಸುತ್ತೋಲೆ ಬರೆದವರ ಕಣ್ಣಮುಂದೆ ಯಾವ ಮನೆ ಇತ್ತೋ! ಗಂಜಿ ಕಾಯಿಸುವ ತಾಯಿ, ಹಣೆಗೆ ಒದ್ದೆ ಬಟ್ಟೆ ಹಾಕುವ ಅಜ್ಜಿ ಇರುವ ಮನೆಯೇ ಇರಬೇಕು. ಬೆಳಿಗ್ಗೆ ಎಂಟಕ್ಕೆ ಬೀಗ ಬಿದ್ದು ಸಂಜೆ ಆರೂವರೆಗೆ ತೆರೆಯುವ ಮನೆಯಂತೂ ಅಲ್ಲ.

ತ್ಯಾವರೆಕೊಪ್ಪ ಎಂದರೆ ಹೊರಗಿನವರಿಗೆ ನೆನಪಾಗುವುದು ಹುಲಿ, ಸಿಂಹ. 1988ರಲ್ಲಿ ಸಫಾರಿ ಆರಂಭವಾದ ಮೇಲೆ ಎಲ್ಲೆಲ್ಲಿಂದಲೋ ಶಾಲಾಮಕ್ಕಳ ಬಸ್ಸುಗಳು ಇಲ್ಲಿಗೆ ಬರುತ್ತವೆ. ಮೇಷ್ಟ್ರುಗಳು ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ತಲೆ ಎಣಿಸುತ್ತಾರೆ. ಎಣಿಸಬೇಕಾದ್ದೇ. ಆದರೆ ಅದೇ ಹೊತ್ತಿನಲ್ಲಿ ಈ ಸುತ್ತಿನ ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ಒಂಟಿಯಾಗಿ ಮಲಗಿವೆ ಎಂದು ಎಣಿಸುವವರು ಯಾರೂ ಇಲ್ಲ. ಇಲ್ಲಿನ ಹೆಂಗಸರು ಕೆಲವರು ಅಡಿಕೆ ತೋಟಕ್ಕೆ ಹೋಗುತ್ತಾರೆ, ಕೆಲವರು ಶಿವಮೊಗ್ಗದ ಮನೆಗೆಲಸಕ್ಕೆ, ಅಂಗಡಿ ಕೆಲಸಕ್ಕೆ. ಇನ್ನು ಕೆಲವರು ಶಿವಮೊಗ್ಗ-ಭದ್ರಾವತಿ ನಡುವಿನ ಮಾಚೇನಹಳ್ಳಿ ಕಡೆಗೆ, ಗಾರ್ಮೆಂಟ್ಸ್ ಹೊಲಿಗೆಗೆ. ಬಸ್ಸು ತಪ್ಪಿದರೆ ಆ ದಿನದ ಕೂಲಿಯೇ ತಪ್ಪಿದಂತೆ.

ಇಂಥ ಮನೆಯಿಂದ ಬರುವ ಜ್ವರದ ಮಗುವನ್ನು ಟೀಚರಾದವಳು ಗುರುತಿಸಬಲ್ಲಳು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಚೆನ್ನಾಗಿಯೇ ಇರುತ್ತದೆ. ಅಮ್ಮ ಏಳು ಗಂಟೆಗೆ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸಿರುತ್ತಾಳೆ. ಮಾತ್ರೆಯ ಬಲ ನಾಲ್ಕಾರು ಗಂಟೆ. ಬಿಸಿಯೂಟದ ಗಂಟೆ ಹೊಡೆಯುವ ಹೊತ್ತಿಗೆ ಕಣ್ಣು ಕೆಂಪಾಗುತ್ತದೆ, ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತದೆ. ಮುಟ್ಟಿದರೆ ಮೈ ಕಾದ ಹೆಂಚು. ‘ಯಾವಾಗಿಂದ ಮಗಾ?’ ಎಂದರೆ, ‘ಈಗ ಬಂತು ಮಿಸ್’ ಎನ್ನುತ್ತದೆ. ಹಾಗೆ ಹೇಳಬೇಕೆಂದು ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಸುತ್ತೋಲೆಯ ಪ್ರಕಾರ ಈ ಮಗುವನ್ನು ಮನೆಗೆ ಕಳಿಸಬೇಕು. ಫೋನ್ ಮಾಡಿದರೆ ತಾಯಿ ಎತ್ತುವುದಿಲ್ಲ. ಕೆಲಸದ ಹೊತ್ತಿನಲ್ಲಿ ಮೊಬೈಲು ಅವಳ ಕೈಯಲ್ಲಿರುವುದಿಲ್ಲ. ನೋಂದಣಿ ಪುಸ್ತಕದಲ್ಲಿ ತಂದೆಯ ನಂಬರೂ ಇರುತ್ತದೆ. ಆದರೂ ಮೊದಲು ಒತ್ತುವುದು ತಾಯಿಯದನ್ನೇ. ಇದನ್ನು ನಾವು ಹೆಂಗಸರೇ ಒಮ್ಮೆ ಯೋಚಿಸಿ ನೋಡಬೇಕು.

‘ಏನಮ್ಮಾ, ಜ್ವರ ಇರೋ ಮಗೂನ ಕಳ್ಸಿದ್ದೀಯಲ್ಲ’ ಎಂದು ಕೇಳಿದಾಗ ಒಬ್ಬ ತಾಯಿ ಕೊಟ್ಟ ಉತ್ತರ ನನಗೆ ಮಾತು ಕಟ್ಟಿಸಿತ್ತು. ‘ಏನ್ ಮಾಡ್ಲಿ ಮೇಡಂ? ಮನೇಲಿ ಬಿಟ್ರೆ ಒಬ್ಳೇ ಇರ್ತಾಳೆ. ಇಲ್ಲಿಗೆ ಕಳ್ಸಿದ್ರೆ ನೀವಾದ್ರೂ ಇರ್ತೀರಲ್ಲ.’ ಅವಳ ಲೆಕ್ಕ ಕೇಳಿ. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು, ತಿಂಗಳ ಹಾಜರಿಗೆ ಕೊಡುವ ಬೋನಸ್ಸೂ ಹೋಯಿತು. ಎರಡನೆಯ ದಿನಕ್ಕೆ ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ. ಮೂರನೆಯ ದಿನ ಆಸ್ಪತ್ರೆಗೆ ಬೇಕಾದ ದುಡ್ಡೇ ಕೈಯಲ್ಲಿಲ್ಲ. ಮಗುವಿನ ಮೇಲೆ ಪ್ರೀತಿ ಇಲ್ಲದವಳು ಈ ಲೆಕ್ಕ ಹಾಕುವುದೇ ಇಲ್ಲ. ರಾತ್ರಿಯೆಲ್ಲ ಎದ್ದಿದ್ದವಳು ಬೆಳಿಗ್ಗೆ ಅದನ್ನು ಹಾಕುತ್ತಾಳೆ.

ಅವಳನ್ನು ಪ್ರಶ್ನಿಸುವ ನಾವು ಎಲ್ಲಿ ನಿಂತು ಪ್ರಶ್ನಿಸುತ್ತೇವೆ ಎಂಬುದನ್ನೂ ಹೇಳಬೇಕು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆ ಕೊಟ್ಟಿತು. ಸೇವಾವಧಿಯಲ್ಲಿ 180 ದಿನ, ಸಂಬಳ ಸಹಿತ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಹೆಂಗಸರಿಗೆ 2008ರಿಂದಲೇ 730 ದಿನದ ಸೌಲಭ್ಯವಿದೆ. ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ ಏನಿದೆ? ಇ.ಎಸ್.ಐ. ಚಿಕಿತ್ಸೆ ಕುಟುಂಬಕ್ಕೆಲ್ಲ ಸಿಗುತ್ತದೆ, ನಿಜ. ಆದರೆ ಕಾಯಿಲೆ ರಜೆಯ ಹಣ ಸಿಗುವುದು ಅವಳೇ ಹಾಸಿಗೆ ಹಿಡಿದರೆ, ಮಗು ಹಿಡಿದರೆ ಅಲ್ಲ. 1948ರ ಕಾರ್ಖಾನೆ ಕಾಯ್ದೆ ಶಿಶುವಿಹಾರದ ಕೋಣೆ ಇರಬೇಕೆಂದಿತು. ಅದು ಆರು ವರ್ಷದೊಳಗಿನ ಕೂಸುಗಳಿಗೆ ಮಾತ್ರ. ಈಚೆಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದೇ ಆರು ವರ್ಷದ ಗೆರೆಯನ್ನು ಉಳಿಸಿಕೊಂಡಿದೆ. ಒಂದನೇ ಕ್ಲಾಸಿಗೆ ಸೇರಿದ ದಿನದಿಂದ ಮಗು ತನ್ನ ಜ್ವರವನ್ನು ತಾನೇ ನೋಡಿಕೊಳ್ಳುತ್ತದೆ ಎಂದು ಯಾರು ತೀರ್ಮಾನಿಸಿದರೋ ಕಾಣೆ. ಸ್ವೀಡನ್ ದೇಶದಲ್ಲಿ ಹನ್ನೆರಡು ವರ್ಷದೊಳಗಿನ ಮಗುವಿಗೆ ಕಾಯಿಲೆಯಾದರೆ ತಾಯಿಯೋ ತಂದೆಯೋ ವರ್ಷಕ್ಕೆ 120 ದಿನದವರೆಗೆ ಭತ್ಯೆ ಪಡೆದು ಮನೆಯಲ್ಲಿರಬಹುದು. ಅಷ್ಟು ನಮಗೆ ಎಟುಕದಿರಬಹುದು. ಆದರೆ ಮಗುವಿನ ಜ್ವರ ಇಡೀ ಸಮಾಜದ ಲೆಕ್ಕಕ್ಕೂ ಸೇರಬೇಕಾದ ಖರ್ಚು ಎಂದು ಒಪ್ಪಿಕೊಂಡವರು ಲೋಕದಲ್ಲಿದ್ದಾರೆ ಎಂಬುದಾದರೂ ತಿಳಿದಿರಲಿ.

‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ಭದ್ರಾವತಿಯನ್ನೇ ನೋಡಿ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು, ಮುಂದೆ ಕಾಗದದ ಕಾರ್ಖಾನೆ ಬಂತು. ಸಾಲು ಸಾಲು ಕ್ವಾರ್ಟರ್ಸು, ಗಂಡಸಿನ ಒಂದು ಸಂಬಳ, ಮನೆಯಲ್ಲಿ ಹೆಂಗಸು, ಗೋಡೆಯಾಚೆ ಇನ್ನೊಂದು ಮನೆಯ ಹೆಂಗಸು. ಒಬ್ಬಳು ಸಂತೆಗೆ ಹೋದರೆ ಇನ್ನೊಬ್ಬಳು ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಹೆಂಗಸಿನ ಸಂಬಳವೇ ಆಧಾರವಾದ ಮನೆಗಳನ್ನು ನಾನು ಬಲ್ಲೆ. ಹಳೆಯದೆಲ್ಲ ಚಿನ್ನವೆಂದು ಮಾತ್ರ ಹೇಳಲಾರೆ. ಕೂಲಿಯವರ ಮನೆಯಲ್ಲಿ ಆಗಲೂ ತಾಯಿ ದುಡಿಯಲು ಹೋಗುತ್ತಿದ್ದಳು. ಕಾಯಿಲೆಯ ತಮ್ಮನ ಪಕ್ಕ ಹತ್ತು ವರ್ಷದ ಅಕ್ಕ ಕೂತಿರುತ್ತಿದ್ದಳು. ಆ ಅಕ್ಕನ ಸ್ಲೇಟು ಅಟ್ಟ ಸೇರಿರುತ್ತಿತ್ತು. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದ ಮೇಲೆ ಅಂಥ ಅಕ್ಕಂದಿರನ್ನು ನಾವು ಮನೆಮನೆಗೆ ಹೋಗಿ ಕರೆತಂದೆವು. ಅದು ಒಳ್ಳೆಯ ಕೆಲಸವೇ. ತಾಯಿಯ ಕೈಗೆ ಸಂಬಳ ಬಂದದ್ದೂ ಒಳ್ಳೆಯದೇ. ಈ ಎರಡು ಒಳ್ಳೆಯದರ ನಡುವೆ ಜ್ವರದ ಮಗು ಒಂಟಿಯಾಯಿತು. ಆದ್ದರಿಂದ ತಪ್ಪನ್ನೆಲ್ಲ ತಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಕ್ಕನನ್ನು ಕರೆದುಕೊಂಡ ಶಾಲೆಗೂ ತಮ್ಮನ ವಿಷಯದಲ್ಲಿ ಒಂದಿಷ್ಟು ಹೊಣೆ ಇದೆ.

ಹೊಣೆ ಇದೆ ಎಂದಮೇಲೆ ಎಷ್ಟು ದೂರ ಹೋಗಬಹುದು? ನಮ್ಮ ಶಾಲೆಗಳಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ‘ಮನೆ ಅವರದ್ದು, ಮಗು ಅವರದ್ದು, ನಮಗ್ಯಾಕೆ?’ ಎನ್ನುವುದು. ಇನ್ನೊಂದು, ‘ಇದು ಅಪರಾಧ, 1098ಕ್ಕೆ ಫೋನ್ ಮಾಡಿ’ ಎನ್ನುವುದು.

ಮೊದಲನೆಯದು ಈ ಜಿಲ್ಲೆಯಲ್ಲಿ ನಡೆಯುವ ಮಾತಲ್ಲ. ಮಂಗನ ಕಾಯಿಲೆ ಲೋಕಕ್ಕೆ ಗೊತ್ತಾದದ್ದೇ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಿಂದ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅನುಭವಿಸಿದ್ದನ್ನು ಯಾರೂ ಮರೆತಿಲ್ಲ. ಅಡಿಕೆ ಸುಲಿಯುವ ಕೆಲಸದಲ್ಲಿ ತಾಯಂದಿರ ಕೈ ಬಿಡುವಿಲ್ಲದ ಚಳಿಗಾಲದಲ್ಲೇ ಆ ಜ್ವರವೂ ತಲೆಯೆತ್ತುತ್ತದೆ. ಮಳೆಗಾಲಕ್ಕೆ ಡೆಂಗ್ಯೂ. ಡೆಂಗ್ಯೂವಿನ ಗುಣ ನೋಡಿ: ಜ್ವರ ಇಳಿಯುವ ಹೊತ್ತಿಗೇ ಅದು ಕೆಲವರಲ್ಲಿ ವಿಕೋಪಕ್ಕೆ ಹೋಗುತ್ತದೆ. ಹೊಟ್ಟೆನೋವು, ಬಿಡದ ವಾಂತಿ, ಮೂಗು ವಸಡಿನಲ್ಲಿ ರಕ್ತ, ವಿಪರೀತ ಸುಸ್ತು. ‘ಜ್ವರ ಬಿಟ್ಟಿದೆ, ಇವತ್ತು ಮಲಗಿರು’ ಎಂದು ತಾಯಿ ನಿಶ್ಚಿಂತೆಯಿಂದ ಕೆಲಸಕ್ಕೆ ಹೊರಡುವ ದಿನವೇ ಕಣ್ಣಿಟ್ಟು ನೋಡಬೇಕಾದ ದಿನವಾಗಬಹುದು. ನಮ್ಮ ನಿಯಮವೋ, ಸತತ ಏಳು ದಿನ ಬಾರದ ಮಗುವನ್ನು ಶಾಲೆ ಬಿಟ್ಟ ಮಗುವೆಂದು ಎಣಿಸಿ ಹುಡುಕಲು ಹೇಳುತ್ತದೆ. ಹಾಜರಾತಿಗೆ ಏಳು ದಿನ ಸರಿ, ಜ್ವರಕ್ಕೆ ಅದು ಬಹಳ ತಡ.

ಎರಡನೆಯ ಅಭಿಪ್ರಾಯ ಧೈರ್ಯದ್ದಾಗಿ ಕಾಣುತ್ತದೆ. ಮಗುವನ್ನು ಎಷ್ಟು ವಯಸ್ಸಿನವರೆಗೆ ಒಂಟಿಯಾಗಿ ಬಿಡಬಾರದು ಎಂದು ನಮ್ಮ ಕಾನೂನು ಎಲ್ಲಿಯೂ ಹೇಳಿಲ್ಲ. ಬ್ರಿಟನ್ನಿನ ಕಾನೂನೂ ವಯಸ್ಸು ಗೊತ್ತುಮಾಡಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಬೇಕೆಂದೇ ಮಾಡಿದ ನಿರ್ಲಕ್ಷ್ಯಕ್ಕೆ ಮೂರು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ‘ಬೇಕೆಂದೇ’ ಎಂಬ ಮಾತು ಮುಖ್ಯ. ಬಸ್ಸಿನಲ್ಲಿ ಕೂತು ಮನಸ್ಸನ್ನೆಲ್ಲ ಮನೆಯಲ್ಲಿ ಬಿಟ್ಟುಹೋದವಳು ಬೇಕೆಂದೇ ಬಿಟ್ಟವಳೆ? ಇನ್ನೊಂದು ಮಾತನ್ನೂ ಕೇಳಿಕೊಳ್ಳಬೇಕು. ನಾವು ತಟ್ಟುವುದು ಯಾರ ಬಾಗಿಲನ್ನು? ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗಿ, ಕಾಯಿಲೆಯ ಮಗ ಮೊಬೈಲಿನೊಡನೆ ಒಬ್ಬನೇ ಇರುವ ತಾರಸಿ ಮನೆಯ ಗೇಟಿನೊಳಗೆ ಯಾವ ಟೀಚರೂ ಹೋಗುವುದಿಲ್ಲ. ಬಡವರ ಬಾಗಿಲಿಗೆ ಚಿಲಕವೂ ಸಡಿಲ, ಯಾರು ಬೇಕಾದರೂ ತಳ್ಳಬಹುದು. ಹಾಗೆ ತಳ್ಳಿದರೆ ಆಗುವುದೇನು? ಮರುದಿನದಿಂದ ಮಗು ‘ಮನೇಲಿ ಅಜ್ಜಿ ಇದ್ದಾರೆ ಮಿಸ್’ ಎನ್ನಲು ಕಲಿಯುತ್ತದೆ. ಊರಲ್ಲೇ ಇಲ್ಲದ ಅಜ್ಜಿ! ನಮಗೆ ನಿಜಕ್ಕೂ ಬೇಕಾಗಿದ್ದ ಒಂದೇ ಒಂದು ಸಂಗತಿ ಅಲ್ಲಿಗೆ ಮುಚ್ಚಿಹೋಯಿತು.

ಹೀಗೆಲ್ಲ ಯೋಚಿಸಿ ನಾನು ಒಂದು ನೆಲೆಗೆ ಬಂದಿದ್ದೇನೆ. ‘ಯಾಕೆ ಬಿಟ್ಟುಹೋದೆ?’ ಎಂದು ಕೇಳುವ ಅಧಿಕಾರ ನಮಗಿಲ್ಲ. ‘ಜೊತೆಗೆ ಯಾರಿದ್ದಾರೆ?’ ಎಂದು ಕೇಳದೆ ಇರುವ ಸ್ವಾತಂತ್ರ್ಯವೂ ಇಲ್ಲ. ಯಾರಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಕುಡಿಯಲು ನೀರು, ತಿನ್ನಲು ಏನಾದರೂ ಇದೆಯೇ, ಬಾಗಿಲು ಒಳಗಿನಿಂದ ಹಾಕಿದೆಯೋ ಹೊರಗಿನಿಂದ ಬೀಗವೋ, ಒಲೆ ಹಚ್ಚುವ ಅಗತ್ಯ ಬೀಳುತ್ತದೆಯೋ, ಪಕ್ಕದ ಮನೆಯಲ್ಲಿ ಯಾರಿಗೆ ಹೇಳಿದ್ದೀರಿ? ಇಷ್ಟೇ. ಈ ಪ್ರಶ್ನೆಗಳಲ್ಲಿ ಆಪಾದನೆ ಇಲ್ಲ. ಕೇಳಿದ ಮೇಲೆ ಬಂದ ಉತ್ತರದಲ್ಲಿ ನಮ್ಮ ಪಾಲನ್ನು ಹೊರಬೇಕು. ನೀರಿಲ್ಲ ಎಂದರೆ ನೀರು ಮುಟ್ಟಿಸಬೇಕು. ಊಟವಿಲ್ಲ ಎಂದರೆ ಬಿಸಿಯೂಟದ ಒಂದು ಡಬ್ಬಿ ಆ ಓಣಿಯ ಯಾರ ಕೈಯಲ್ಲಾದರೂ ಹೋಗಬೇಕು. ಶಾಲೆ ತಪ್ಪಿದ ಮಗುವಿಗೆ ಜ್ವರದ ಜೊತೆ ಊಟವೂ ತಪ್ಪುತ್ತದೆ ಎಂಬುದು ನೆನಪಿರಲಿ. ಶಾಲೆಯಲ್ಲೇ ಜ್ವರ ಏರಿದರೆ ಬೀಗ ಹಾಕಿದ ಮನೆಗೆ ಅಟ್ಟಬಾರದು. ಮನೆಯವರು ಬರುವ ತನಕ ಬೇರೆ ಮಕ್ಕಳಿಂದ ದೂರ, ಗಾಳಿಯಾಡುವ ಕಡೆ ಒಂದು ಚಾಪೆ ಹಾಸಲು ಯಾವ ಸುತ್ತೋಲೆಯೂ ಅಡ್ಡ ಬರುವುದಿಲ್ಲ. ಎರಡನೆಯ ದಿನವೂ ಜ್ವರ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಬೇಕು.

ಹೊಸ್ತಿಲು ದಾಟಲೇಬೇಕಾದ ಸಂದರ್ಭಗಳೂ ಇವೆ. ಮಗುವನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿದ್ದರೆ, ಬೆಂಕಿಯ ಭಯವಿದ್ದರೆ, ಮೈಮೇಲೆ ಪೆಟ್ಟಿನ ಗುರುತಿದ್ದರೆ, ಜ್ವರ ಮೂರು ದಿನ ದಾಟಿದರೂ ವೈದ್ಯರಿಗೆ ತೋರಿಸದಿದ್ದರೆ, ನೋಡಿಕೊಳ್ಳಬಲ್ಲ ದೊಡ್ಡವನೊಬ್ಬ ಮನೆಯಲ್ಲಿದ್ದೂ ಕುಡಿದು ಬಿದ್ದಿದ್ದರೆ, ಆಗ ಸಂಕೋಚ ಬೇಡ. ಕೂಗಿ ಕರೆಯಬೇಕು, ಬೀಗ ತೆಗೆಸಬೇಕು, 1098ಕ್ಕೂ ಹೇಳಬೇಕು. ಅಲ್ಲಿ ಮನೆಯ ಮರ್ಯಾದೆಗಿಂತ ಮಗುವಿನ ಪ್ರಾಣ ದೊಡ್ಡದು.

‘ಗಣತಿ, ಚುನಾವಣೆ, ಹಾಲು, ಮೊಟ್ಟೆ ಎಲ್ಲದರ ಲೆಕ್ಕ ನಮ್ಮದೇ, ಇನ್ನು ದಾದಿಯ ಕೆಲಸವೂ ಬೇಕೆ?’ ಎಂದು ಕೇಳುವ ಟೀಚರುಗಳಿದ್ದಾರೆ. ಅವರ ದಣಿವು ಸುಳ್ಳಲ್ಲ. ಆದರೆ ಹಾಜರಿ ಕರೆಯುವಾಗ ‘ಯಾಕೆ ಬಂದಿಲ್ಲ?’ ಎಂದು ದಿನವೂ ಕೇಳುತ್ತೇವೆ. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ನಮ್ಮ ಕೈ ಮೀರಿದ್ದನ್ನು ಎಸ್.ಡಿ.ಎಂ.ಸಿ. ಸಭೆಯಲ್ಲಿ, ಪಂಚಾಯಿತಿಯಲ್ಲಿ ಗಟ್ಟಿಯಾಗಿ ಕೇಳೋಣ. ದುಡಿಯುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರಲ್ಲಿ ಸರ್ಕಾರ ಘೋಷಿಸಿತು. ಕೂಸಿಗೆ ಮನೆ ಬೇಕೆಂದು ಅರಿತವರಿಗೆ ಎಂಟು ವರ್ಷದ ಮಗುವಿಗೂ ಜ್ವರ ಬರುತ್ತದೆ ಎಂದು ತಿಳಿಹೇಳುವುದು ಕಷ್ಟವಾಗಲಾರದು. ಕಾರ್ಖಾನೆಗಳು ವರ್ಷಕ್ಕೆ ನಾಲ್ಕೈದು ದಿನವಾದರೂ ಮಗುವಿನ ಕಾಯಿಲೆಗೆಂದು ಸಂಬಳ ಸಹಿತ ರಜೆ ಕೊಡಲಿ, ಅಪ್ಪಂದಿರಿಗೂ ಕೊಡಲಿ.

ಪೇಟೆಯಲ್ಲಿರುವ ಅಕ್ಕತಂಗಿಯರಿಗೂ ಒಂದು ಮಾತು. ನಿಮ್ಮ ಮನೆಗೆಲಸಕ್ಕೆ ಬರುವಾಕೆ ಒಂದು ದಿನ ಬಾರದಿದ್ದರೆ ‘ಮಗೂಗೆ ಜ್ವರವಂತೆ, ನೆಪ’ ಎಂದುಕೊಳ್ಳುವ ಮೊದಲು ಸ್ವಲ್ಪ ತಾಳಿ. ಬಂದಿದ್ದರೆ, ಮಗುವಿನ ಜೊತೆ ಯಾರಿದ್ದಾರೆ ಎಂದು ಕೇಳಿ. ಯಾರೂ ಇಲ್ಲ ಎಂದರೆ ಪಾತ್ರೆ ಅಲ್ಲೇ ಇರಲಿ, ಕೂಲಿ ಹಿಡಿಯದೆ ಅವಳನ್ನು ಮನೆಗೆ ಕಳಿಸಿ. ಸುತ್ತೋಲೆ ಹೇಳಿದ ‘ಮನೆ’ ಆ ಮಗುವಿಗೆ ಒಂದು ದಿನದ ಮಟ್ಟಿಗಾದರೂ ಸಿಕ್ಕೀತು.