ನೆಲ ಡೊಂಕೋ, ಕಾಲು ಡೊಂಕೋ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ನಾವು ಬಹು ಧಾರಾಳವಾಗಿ ಇತರರ ಮೇಲೆ ಪ್ರಯೋಗಿಸುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದೂ ಉಂಟಲ್ಲವೆ? ಆಗ ತಪ್ಪು ಯಾರದೆಂದು ತೀರ್ಮಾನಿಸುವುದು ಹೇಗೆ? ಹೊಸ ಟ್ರಂಪೆಟ್ ಒಂದನ್ನು ಮೊದಲ ಸಲ ತುಟಿಗಿಡುವವನನ್ನು ಕಾಡುವ ಪ್ರಶ್ನೆಯೂ ಇದೇ.

ಮದುವೆಯ ಬ್ಯಾಂಡಿನಲ್ಲಿ ನಾವೆಲ್ಲ ಕೇಳಿರುವ ಈ ಹಿತ್ತಾಳೆಯ ವಾದ್ಯಕ್ಕೆ ಶಹನಾಯಿಗಿರುವಂತೆ ರೀಡು ಇಲ್ಲ. ಕಂಪಿಸುವುದು ಊದುವವನ ತುಟಿಯೇ. ವಾಲ್ವುಗಳಿರುವುದು ಮೂರೇ, ಅವನ್ನು ಮುಟ್ಟದೆಯೂ ತುಟಿಯ ಬಿಗಿತದಿಂದಲೇ ಹಲವು ಸ್ವರಗಳನ್ನು ತೆಗೆಯಬಹುದು. ಎಂದರೆ, ಅರ್ಧ ವಾದ್ಯ ಹಿತ್ತಾಳೆಯದು, ಇನ್ನರ್ಧ ಊದುವವನ ಮೈಯದು. ಹಳೆಯ ವಾದ್ಯಕ್ಕೆ ಪಳಗಿದ ತುಟಿ ಹೊಸದರಲ್ಲಿ ತಡವರಿಸಿದರೆ, ಆ ಅಪಸ್ವರದಲ್ಲಿ ಮಾತನಾಡುತ್ತಿರುವುದು ಹಳೆಯ ಅಭ್ಯಾಸ.

ಹಾಗೆಂದು ನೆಲ ಸಮವೆಂದಲ್ಲ. ಮೂರು ವಾಲ್ವುಗಳನ್ನೂ ಒಟ್ಟಿಗೆ ಒತ್ತಿದಾಗ ಕೊಳವೆಯ ಉದ್ದ ಬೇಕಾದಷ್ಟು ಹೆಚ್ಚುವುದಿಲ್ಲ. ಸ್ವರ ತುಸು ಏರಿಬಿಡುತ್ತದೆ. ಇದು ಆ ಒಂದು ವಾದ್ಯದ ದೋಷವಲ್ಲ, ಕುಲದ ಗುಣ. ಅದಕ್ಕಾಗಿಯೇ ಮೂರನೆಯ ವಾಲ್ವಿನ ಕೊಳವೆಯನ್ನು ಬೆರಳಿನಿಂದ ಹೊರಕ್ಕೆ ಸರಿಸುವ ಏರ್ಪಾಡು ಅನೇಕ ಟ್ರಂಪೆಟ್ಟುಗಳಲ್ಲಿದೆ.

ಮೊದಲ ದಿನದ ಹೊಗಳಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಇಂಗ್ಲೆಂಡಿನ ರಿಚರ್ಡ್ ಸ್ಮಿತ್ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನುರಿತ ಟ್ರಾಂಬೋನ್ ವಾದಕರ ಕಣ್ಣು ಕಟ್ಟಿ, ಬೇರೆ ಬೇರೆ ದಪ್ಪದ ತಗಡಿನಿಂದ ಮಾಡಿದ ಅಗಲ ಬಾಯಿಯ ವಾದ್ಯಗಳನ್ನು ಊದಿಸಿದರು. ಯಾವುದು ಯಾವುದೆಂದು ಗುರುತಿಸಲು ಆ ವಾದಕರಿಗೆ ಆಗಲಿಲ್ಲ. ಕಿವಿ ಕೇಳಿತೆಂದು ನಾವು ಹೇಳುವುದರಲ್ಲಿ ಕಣ್ಣಿನ ಪಾಲೂ ಕೈಯ ಪಾಲೂ ಇರುತ್ತವೆ.

ಹಾಗಾದರೆ ಮೊದಲ ಅನಿಸಿಕೆಯನ್ನು ತಳ್ಳಿಹಾಕಬೇಕೆ? ಅದೂ ಸಲ್ಲದು. ತಿಂಗಳೊಪ್ಪತ್ತು ಕಳೆದರೆ ತುಟಿ ತಾನಾಗಿ ಹೊಂದಿಕೊಳ್ಳುತ್ತದೆ. ವಾದ್ಯದ ಕೊರತೆಯನ್ನು ಊದುವವನು ತನಗರಿವಿಲ್ಲದೆ ತುಂಬಿಕೊಡುತ್ತಾನೆ. ಆಮೇಲೆ ಆ ಕೊರತೆ ಅವನ ಕಿವಿಗೆ ಬೀಳುವುದೇ ಇಲ್ಲ. ಹೊಸಬನಿಗೆ ಆತುರ ಒಂದು ಕುರುಡಾದರೆ, ಹಳಬನಿಗೆ ರೂಢಿ ಇನ್ನೊಂದು ಕುರುಡು.

ಊರು ಬಿಟ್ಟು ಊರಿಗೆ ಬಂದ ನಮಗೆ ಇದು ಪರಕೀಯ ಮಾತಲ್ಲ. ಬಂದ ವಾರದಲ್ಲೇ 'ಇಲ್ಲಿನ ಜನ ಒರಟು' ಎನ್ನುವವರಿದ್ದಾರೆ. ಅವರ ಕಿವಿಯಲ್ಲಿ ಇನ್ನೂ ತವರಿನ ಶ್ರುತಿಯೇ ಮಿಡಿಯುತ್ತಿರುತ್ತದೆ. ಇಪ್ಪತ್ತು ವರ್ಷ ಕಳೆದವರಿಗೋ ರೈಲಿನಲ್ಲಿ ಮುದುಕರನ್ನು ತಳ್ಳಿ ಹತ್ತುವುದೂ ಸಹಜವಾಗಿ ತೋರುತ್ತದೆ. ಇಬ್ಬರಲ್ಲಿ ಯಾರ ಮಾತು ನ್ಯಾಯ?

ಇಬ್ಬರದೂ ಸಾಕ್ಷ್ಯವೇ, ಯಾರದೂ ತೀರ್ಪಲ್ಲ. ಮೊದಲ ದಿನ ಅನಿಸಿದ್ದನ್ನು ಮರೆಯದೆ ಇಟ್ಟುಕೊಳ್ಳುವುದು, ಆದರೆ ಅದನ್ನು ಸಾರಿ ಹೇಳುವ ಮೊದಲು ತನ್ನ ತುಟಿಯನ್ನೂ ಒಮ್ಮೆ ವಿಚಾರಿಸಿಕೊಳ್ಳುವುದು, ಇವೆರಡೂ ಬೇಕು. ವಾದ್ಯಕ್ಕಾದರೆ ಬೆಲೆ ತೆತ್ತು ಕೊಂಡವನು ಒಂದು ತಿಂಗಳ ವಾಯಿದೆ ಕೊಡುತ್ತಾನೆ. ಮನುಷ್ಯರಿಗೆ ಅಷ್ಟನ್ನಾದರೂ ಕೊಡಬೇಡವೆ?