ಕೆಂಚಿ ಮತ್ತೆ ನಂಬಿದಳು

ಮನೆಯ ನಾಯಿ ಸತ್ತರೆ ಸೂತಕವಿಲ್ಲ. ಹನ್ನೊಂದನೇ ದಿನವಿಲ್ಲ, ವರ್ಷದ ತಿಥಿಯಿಲ್ಲ. ಕಚೇರಿಯಲ್ಲಿ ರಜೆ ಕೇಳಲು ನಾಲಿಗೆ ಏಳುವುದಿಲ್ಲ. "ಇನ್ನೊಂದು ಮರಿ ತಂದ್ಕೊಳ್ಳಿ" ಎಂದು ನೆರೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿ ಹೋಗುತ್ತಾರೆ. ನಮ್ಮ ಕೆಂಚಿ ಹೋದ ಮೇಲೆ ಈ ದುಃಖವನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋದದ್ದು ಆತಕೂರಿನ ಶಾಸನದ ಕಡೆಗೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದರು. ಬೂತುಗನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಒಡೆಯ ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಬೇಟೆಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಚಲ್ಲೇಶ್ವರನ ಗುಡಿಯ ಮುಂದೆ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ, ಅಂದರೆ ಶೈವ ಪೂಜಾರಿ, ಉಂಡರೆ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ನಾಯಿಯ ಸಾವಿಗೆ ಸೂತಕ ಬೇಡವೆನ್ನುವ ಇದೇ ನೆಲದಲ್ಲಿ, ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಪೂಜೆಯ ಕಟ್ಟಳೆಯೇ ಇತ್ತು. ಇದನ್ನು ನೆನೆದಾಗ ನನ್ನ ಅಳುವಿಗೊಂದು ನೆಂಟಸ್ತಿಕೆ ಸಿಕ್ಕಂತಾಯಿತು.

ಆದರೆ ಕಾಳಿಯದು ವೀರಮರಣ. ಕೆಂಚಿ ಯಾವ ಹಂದಿಯನ್ನೂ ಕೊಂದವಳಲ್ಲ. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರಿ ನಡುಗುತ್ತಿದ್ದಳು. ವಾಹನ ಬಡಿದು ಹಿಂಗಾಲು ಮುರಿದು, ಕಿವಿಯೊಳಗೆಲ್ಲ ಉಣ್ಣೆಹುಳ ತುಂಬಿಕೊಂಡು ರಸ್ತೆಯ ಪಕ್ಕದಲ್ಲಿ ಬಿದ್ದಿದ್ದವಳು. ಕುತ್ತಿಗೆಯ ಸುತ್ತ ಹಗ್ಗ ಕೊರೆದ ಹಳೆಯ ಗಾಯವಿತ್ತು. ಯಾರೋ ಒಂದು ಕಾಲಕ್ಕೆ ಕಟ್ಟಿ ಸಾಕಿದ್ದರು; ಆಮೇಲೆ ಬೇಡವಾಗಿ ಬಿಟ್ಟುಹೋಗಿದ್ದರು.

ಮನೆಗೆ ತಂದ ಹೊಸತರಲ್ಲಿ ಅವಳು ಗೋಡೆಗೆ ಮುಖಮಾಡಿಯೇ ಮಲಗುತ್ತಿದ್ದಳು. ನಾವು ನೋಡುತ್ತಿದ್ದರೆ ತಟ್ಟೆ ಮುಟ್ಟುತ್ತಿರಲಿಲ್ಲ. ಪೊರಕೆ ಎತ್ತಿದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿದ್ದಳು. ಅಮ್ಮ ಅವಳೆದುರು ನಿಂತು ಗುಡಿಸುವುದನ್ನೇ ಬಿಟ್ಟಳು. ಮಂಡಿನೋವಿದ್ದರೂ ಕುಕ್ಕರುಗಾಲಲ್ಲಿ ಕೂತು, ಪೊರಕೆಯನ್ನು ನೆಲಕ್ಕೇ ಅಂಟಿಸಿಕೊಂಡು ಗುಡಿಸುತ್ತಿದ್ದಳು. ರಾತ್ರಿ ಮೊಸರನ್ನ ಕಲಸಿಟ್ಟು ಬೆನ್ನು ತಿರುಗಿಸಿ ಕೂರುತ್ತಿದ್ದಳು. "ತಿನ್ನು ಮಗಾ, ನಾನು ನೋಡಲ್ಲ" ಎನ್ನುತ್ತಿದ್ದಳು. ಹೀಗೇ ದಿನಗಳು ಕಳೆದವು. ಒಂದು ರಾತ್ರಿ ಊಟ ಮುಗಿಸಿದ ಕೆಂಚಿ ಕುಂಟುತ್ತ ಬಂದು, ಅಮ್ಮನ ಪಾದದ ಮೇಲೆ ಗದ್ದವಿಟ್ಟು ಮಲಗಿದಳು. ಅಮ್ಮ ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ.

ನನ್ನ ಬೆರಗೆಲ್ಲ ಆ ಗಳಿಗೆಯದು. ನಾಯಿಗೂ ಮನುಷ್ಯನಿಗೂ ಇರುವ ನಂಟಿನ ಬಗ್ಗೆ ವಿಜ್ಞಾನ ಸಾಕಷ್ಟು ತಿಳಿಸಿದೆ. ನಾಯಿಯೂ ಅದನ್ನು ಸಾಕಿದವರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ-ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಹುಬ್ಬಿನ ಒಳಮೂಲೆಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರ ಅಧ್ಯಯನವೊಂದು ಹೇಳಿತು. ಕೆಂಚಿ ಹುಬ್ಬೆತ್ತಿ ನೋಡಿದರೆ ಕೈಯಲ್ಲಿದ್ದ ಬಿಸ್ಕತ್ತು ತಾನಾಗಿ ಅವಳ ಬಾಯಿಗೆ ಹೋಗುತ್ತಿದ್ದುದರ ಗುಟ್ಟು ಇದಿರಬೇಕು. ಆದರೆ ಮನುಷ್ಯರಿಂದಲೇ ನೊಂದ ಜೀವ ಇನ್ನೊಬ್ಬ ಮನುಷ್ಯರ ಪಾದದ ಮೇಲೆ ತಲೆಯಿಟ್ಟು ನಿದ್ದೆ ಹೋಗುವುದನ್ನು ಕಣ್ಣಾರೆ ಕಂಡಾಗ, ಈ ತಿಳಿವಳಿಕೆಯಿಂದ ಬೆರಗು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಅವಳು ಹಳೆಯದನ್ನು ಮರೆತಿದ್ದಳೆಂದು ಯಾರೂ ತಿಳಿಯಬಾರದು. ಕೋಲು ಹಿಡಿದವರು ಎದುರು ಬಂದರೆ ಮುದಿತನದಲ್ಲೂ ಬಾಲ ಮುದುರಿಕೊಳ್ಳುತ್ತಿದ್ದಳು. ಹಗ್ಗವನ್ನು ಕೊನೆಯವರೆಗೂ ಕುತ್ತಿಗೆಗೆ ಹಾಕಗೊಡಲಿಲ್ಲ. ಎಲ್ಲವೂ ನೆನಪಿತ್ತು. ನೆನಪಿದ್ದೂ ನಂಬಿದಳು. ಏನೂ ತಿಳಿಯದ ಮರಿಯ ನಂಬಿಕೆ ಹುಟ್ಟಿನ ಜೊತೆಗೇ ಬಂದದ್ದು. ಎಲ್ಲ ತಿಳಿದ ಮೇಲೂ ಹುಟ್ಟುವ ಈ ಎರಡನೆಯ ನಂಬಿಕೆ ಮನುಷ್ಯರಲ್ಲಿ ಎಷ್ಟು ಜನಕ್ಕೆ ಸಾಧ್ಯ? ಒಂದು ಮಾತಿಗೆ ಮುನಿಸಿಕೊಂಡು ಅಣ್ಣತಮ್ಮಂದಿರು ಹತ್ತಾರು ವರ್ಷ ಒಬ್ಬರ ಮನೆಗೆ ಒಬ್ಬರು ಹೋಗದಿರುವುದನ್ನು ನಾವೆಲ್ಲ ನೋಡಿದ್ದೇವೆ.

ನಾಯಿ ನಮ್ಮ ಜೊತೆ ಸೇರಿದ್ದು ಕಾವಲಿಗೆ, ಬೇಟೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಉಪಯೋಗ ಇದ್ದದ್ದು ನಿಜ. ಆದರೆ ಜರ್ಮನಿಯ ಬಾನ್ ಬಳಿಯ ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಕಲ್ಲುಕ್ವಾರಿಯ ಕೆಲಸಗಾರರಿಗೆ ಸಿಕ್ಕ ಸಮಾಧಿ ಬೇರೆಯದನ್ನೂ ಹೇಳುತ್ತದೆ. ಅದು ಸುಮಾರು 14,000 ವರ್ಷ ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಯಲ್ಲಿ ನಾಯಿ. ಅದರ ಹಲ್ಲುಗಳನ್ನು ಪರೀಕ್ಷಿಸಿದ ಸಂಶೋಧಕರು 2018ರಲ್ಲಿ ವಿವರಿಸಿದ ಪ್ರಕಾರ ಅದು ಸುಮಾರು ಏಳು ತಿಂಗಳ ಮರಿ. ಅದಕ್ಕೆ ಡಿಸ್ಟೆಂಪರ್ ರೋಗ ತಗುಲಿತ್ತೆಂದು ಕಾಣುತ್ತದೆ. ಮನುಷ್ಯರ ಆರೈಕೆಯಿಲ್ಲದೆ ಅದು ಆ ಕಾಯಿಲೆಯಲ್ಲಿ ವಾರಗಟ್ಟಲೆ ಬದುಕಿರಲಾರದು ಎಂಬುದು ಅವರ ತೀರ್ಮಾನ. ಆ ಮರಿ ಬೇಟೆಗೂ ಬಾರದು, ಕಾವಲಿಗೂ ಬಾರದು. ಹಾಗಿದ್ದೂ ಯಾರೋ ಅದಕ್ಕೆ ನೀರು ಕುಡಿಸಿದರು, ಬೆಚ್ಚಗಿಟ್ಟರು. ನಮ್ಮ ಕೆಂಚಿ ಕಾಳಿಯ ಕುಲದವಳಲ್ಲ, ಈ ಮರಿಯ ಕುಲದವಳು.

ಮೂತ್ರಪಿಂಡ ಸೋತು ಕೆಂಚಿ ಹಾಸಿಗೆ ಹಿಡಿದಾಗ, ಡಾಕ್ಟರ ಸೂಜಿಗೂ ಅವಳು ಹಲ್ಲು ತೋರಿಸಲಿಲ್ಲ. ಅಮ್ಮನ ಕೈ ಮೈಮೇಲಿದ್ದರೆ ಸಾಕಿತ್ತು. ಹಿತ್ತಲಿನ ಕರಿಬೇವಿನ ಗಿಡದ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದೆವು. ಕಲ್ಲು ನಿಲ್ಲಿಸಲಿಲ್ಲ.

ದತ್ತಿ ಬಿಡಲು ನಮ್ಮಲ್ಲಿ ಭೂಮಿಯಿಲ್ಲ, ಇರುವುದು ಓದುಗರಲ್ಲಿ ಒಂದು ಬೇಡಿಕೆ. ನಾಯಿಗಳ ಆಶ್ರಯಧಾಮಕ್ಕೆ ಹೋದವರು ಮುದ್ದಾದ ಮರಿಗಳನ್ನೇ ಹುಡುಕುತ್ತಾರೆ. ವಯಸ್ಸಾದವು, ಕುಂಟುವವು, ಮೂಲೆಯಿಂದ ಏಳದವು ಅಲ್ಲೇ ಉಳಿಯುತ್ತವೆ. ಮನೆಯಲ್ಲಿ ಜಾಗವಿದ್ದರೆ ಅಂಥದ್ದೊಂದನ್ನು ಕರೆತನ್ನಿ. ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ. ಪ್ರೀತಿ ತೋರಿಸಲಿಲ್ಲವೆಂದು ಬೇಸರಪಡಬೇಡಿ, ವಾಪಸು ಬಿಟ್ಟುಬರಬೇಡಿ. ಮತ್ತೆ ನಂಬಲು ಅದಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಕಾಲ ಕೊಡಿ.