ಎಣಿಸಿದ್ದರ ಫಲವೇನು?

ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಳಿಯ ಖಾಡಿದಂಡೆಗೆ ಹಕ್ಕಿ ಎಣಿಸಲು ಹೋಗುವ ನಮ್ಮನ್ನು ಕಂಡು, "ಎಣಿಸಿ ಬಂದದ್ದೇನು?" ಎನ್ನುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಖಾಡಿಯ ಫ್ಲೆಮಿಂಗೊ ನೆಲೆ 2015ರಲ್ಲಿ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ ಆಯಿತು. ಅದರಲ್ಲಿ ಹವ್ಯಾಸಿಗಳ ಎಣಿಕೆಯ ಪಾಲೆಷ್ಟೆಂದು ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ದೇಶದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿಗೆ ಆಧಾರ ಸುಮಾರು 30,000 ಹವ್ಯಾಸಿಗಳ 3 ಕೋಟಿ ದಾಖಲೆಗಳು. 178 ಜಾತಿಗಳಿಗೆ ಹೆಚ್ಚಿನ ಕಾಳಜಿ ಬೇಕೆಂದು ಅದು ಹೇಳಿತು. ಹೇಳಿದ್ದು ಉಳಿಸಿದಂತಾಯಿತೆ? ಇಲ್ಲ. 2024ರ ಬೇಸಿಗೆಯಲ್ಲಿ ನವಿ ಮುಂಬಯಿಯಲ್ಲೇ ಫ್ಲೆಮಿಂಗೊಗಳು ಇಳಿಯುವ ಕೆರೆಯೊಂದು ನಮ್ಮ ಕಣ್ಣೆದುರೇ ಬತ್ತಿತು.

ಹಾಗೆಂದು ಫಲ ತೋರಿಸುವ ಅವಸರಕ್ಕೆ ಬಿದ್ದರೆ ಇನ್ನೊಂದು ಕೇಡು. ಸಾವಿರ ಹಕ್ಕಿ ಕಂಡ ದಿನ ಎಲ್ಲರೂ ಬರೆಯುತ್ತೇವೆ. ಬರಿಗೈಯಲ್ಲಿ ಮರಳಿದ ದಿನ ಪುಸ್ತಕ ಬಿಚ್ಚುವುದೇ ಇಲ್ಲ. (ನಾವೂ ಎಷ್ಟೋ ಸಲ ಹಾಗೆ ಮಾಡಿದ್ದೇವೆ.) ಆ ಸೊನ್ನೆ ಇಲ್ಲದೆ ಹಕ್ಕಿ ಕಡಿಮೆಯಾದದ್ದು ತಿಳಿಯುವುದು ಹೇಗೆ? ಕಾಣದ್ದನ್ನೂ ಸೇರಿಸಿ ಪಟ್ಟಿ ಪೂರ್ಣ ಮಾಡುವುದಷ್ಟೇ ನಮ್ಮ ಕೈಲಿರುವ ಕೆಲಸ. ಬರುವ ಭಾನುವಾರ ಹೊರಡುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಟ್ಟಿದ್ದೇವೆ.